ಕಬರಿ ಎರಡನೇ ಸಲ ಕಂದು ಹಾಕಿದ ಮೇಲೆ

ಮೋರಖಂಡಿ,
ರವಿವಾರ, ೧೦ ನವೆಂಬರ್ ೨೦೨೪

ಪ್ರೀತಿಯ ಅಪ್ಪಾ, ಶರಣು ಶರಣಾರ್ಥಿ.

ಹೇಗಿದ್ದೀರಿ? ಸಂಜೆಯ ಜ್ವರ ಬಿಟ್ಟಿತೇ? ಈಗಲೂ ನಿಮ್ಮ ಬನಿಯನ್ ಬೆವರಿಗೆ ತೊಯ್ದು ಹಿಂಡುವಂತಾಗುತ್ತದಂತೆ, ಬೆಳಿಗ್ಗೆ ಮಾತ್ರ ಏನೂ ಆಗದವರ ಹಾಗೆ ಅಳಿಯನ ಹೊಸ ಆಕಳುಗಳ ಮುಂದೆ ನಿಂತಿರುತ್ತೀರಂತೆ. ತಂಗಿ ಪೂನಮ ಚಾಡಿ ಹೇಳಿದಳೆಂದು ಅವಳ ಮೇಲೆ ಸಿಟ್ಟಾಗಬೇಡಿ. ಫೋನಿನಲ್ಲಿ ಜ್ವರದ ಮಾತೆತ್ತಿದರೆ ಸಾಕು, "ಚಾರ್ಜ್ ಇಲ್ಲ ನೋಡವಾ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಹಾಲಿನ ಗಾಡಿಯ ಕಾಸಿಂ ಹುಲಸೂರಿಗೆ ತರುತ್ತಾನೆ. ನೀವು ಓದಿ ಮುಗಿಸುವ ತನಕ ಎದುರಿಗೇ ಕೂಡು ಎಂದು ಅವನಿಗೆ ಹೇಳಿದ್ದೇನೆ. ಅವ್ವ ಆರಾಮಿದ್ದಾಳೆ.

ನೀವು ಪೂನಮಳ ಮನೆಗೆ ಹೋದ ಎಂಟನೇ ದಿನ ನಮ್ಮ ಆಕಳು ಕಬರಿ ಮತ್ತೆ ಕಂದು ಹಾಕಿದ್ದು ನಿಮಗೆ ಗೊತ್ತೇ ಇದೆ. ಹೋದ ವರ್ಷದ ಹಾಗೆಯೇ, ದಿನ ತುಂಬುವ ಮೊದಲೇ, ಏಳು ತಿಂಗಳಿಗೆ. ಆಗ ನೀವು ದೃಷ್ಟಿ ತಗಲಿದೆಯೆಂದು ಅದರ ಕೊರಳಿಗೆ ಕರಿದಾರ ಕಟ್ಟಿದ್ದಿರಿ. ನಾನು ಈ ಸಲ ದಾರ ಬಿಟ್ಟು ರಕ್ತ ತೆಗೆದೆ. ನಗಬೇಡಿ, ಹುಮನಾಬಾದಿನ ಲ್ಯಾಬಿನಲ್ಲಿ ದಿನಾ ಊರವರ ದನಗಳ ರಕ್ತ ನೋಡುವವಳು ಮನೆಯ ಆಕಳಿನದು ನೋಡಲು ಇಷ್ಟು ತಡ ಮಾಡಿದ್ದಕ್ಕೆ ನನಗೇ ನಾಚಿಕೆ. ಬಿಳಿ ಹಲಗೆಯ ಮೇಲೆ ರಕ್ತದ ತಿಳಿನೀರು ಒಂದು ಹನಿ, ಗುಲಾಬಿ ಬಣ್ಣದ ಔಷಧ ಒಂದು ಹನಿ. ನಾಲ್ಕು ನಿಮಿಷ ಹಲಗೆ ಆಡಿಸಬೇಕು. ರೋಗ ಇಲ್ಲದಿದ್ದರೆ ನೀರು ನೀರಾಗಿಯೇ ಉಳಿಯುತ್ತದೆ. ಕಬರಿಯದು ಎರಡನೇ ನಿಮಿಷಕ್ಕೇ ಒಡೆದ ಹಾಲಿನಂತೆ ಕಾಳುಕಾಳಾಯಿತು. ಕಂದುರೋಗ, ಅಪ್ಪಾ. ಮತ್ತೊಂದು ಬಗೆಯಲ್ಲೂ ನೋಡಿದೆವು, ಅದೇ ಬಂತು. ಈಗ ಅದನ್ನು ಬೇರೆ ಕಟ್ಟಿದ್ದೇನೆ.

ಹಲಗೆ ಆಡಿಸುವಾಗ ನೀವೇ ನೆನಪಾದಿರಿ. ಯಾರ ಮನೆಯ ಆಕಳು ಕರು ಹಾಕಲು ಕಷ್ಟಪಟ್ಟರೂ ನಿಮಗೇ ಕರೆ. ನಾನು ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಹಿಂದೆ ಹಿಂದೆ ಓಡುತ್ತಿದ್ದೆ. "ಕಿವಿ ಮುಟ್ಟು, ಮೂಗು ನೋಡು, ಆಮ್ಯಾಲ ಮಾಲಕನ ಮಾತು ಕೇಳು" ಎನ್ನುತ್ತಿದ್ದಿರಿ. ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಒಳಗಿನ ಕರುವಿನ ಕಾಲು ಹುಡುಕುವಾಗ ನಿಮ್ಮ ಮುಖ ಪೂಜೆಗೆ ಕೂತವರ ಹಾಗೆ ಆಗುತ್ತಿತ್ತು. ಬರುವಾಗ ಅವರು ಕೊಟ್ಟ ಬೆಲ್ಲದ ಉಂಡೆ ನನ್ನ ಕೈಗೆ. ನಾನು ಈ ಕೆಲಸ ಕಲಿತದ್ದು ಕಾಲೇಜಿನಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ, ನಿಮ್ಮ ಬೆನ್ನ ಹಿಂದೆ ನಿಂತು ಕಲಿತೆ. ಆ ದಿನಗಳು ನನಗೆ ಈಗಲೂ ಬೇಕು.

ಆದರೆ ಅಪ್ಪಾ, ಈ ರೋಗ ಕರುವಿನ ಹಿಂದೆ ಬೀಳುವ ಮಾಸಿನಲ್ಲಿ, ಹಸಿ ಹಾಲಿನಲ್ಲಿ ಇರುತ್ತದೆ. ಬರಿಗೈಯ ಸಣ್ಣ ಗೀರು ಸಾಕು, ಮನುಷ್ಯರಿಗೂ ಬರುತ್ತದೆ. ಸಂಜೆ ಜ್ವರ, ರಾತ್ರಿ ಬೆವರು, ಸೊಂಟನೋವು. ಮೂರು ವರ್ಷ ಮಲೇರಿಯಾ ಎಂದರು, ಟೈಫಾಯಿಡ್ ಎಂದರು, ನೀವು ಮಳೆಗಾಲದ ಕಾಟ ಎಂದಿರಿ. ನನಗೆ ಅನುಮಾನ ಬರಲೇಬೇಕಿತ್ತು, ಬರಲಿಲ್ಲ. ಒಂದು ಸಲ ರಕ್ತ ಕೊಡಿ. ಗುಳಿಗೆಗೆ ಹೋಗುವ ರೋಗ ಇದು, ಹಟಕ್ಕೆ ಹೋಗುವುದಿಲ್ಲ. ನಿಮ್ಮ ಕೈ ಪುಣ್ಯದ ಕೈ ಎಂದು ಹತ್ತೂರು ಹೇಳುತ್ತದೆ, ನಾನೂ ಹೇಳುತ್ತೇನೆ.

ಪೂನಮಳಿಗೂ ನಿಮ್ಮ ಅಳಿಯ ಸತೀಶಕುಮಾರನಿಗೂ ಕೇಳಿದೆನೆಂದು ಹೇಳಿ. ಹಾಲು ಕುದಿಸದೆ ಯಾರೂ ಕುಡಿಯಬೇಡಿ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಹಿರಿಮಗಳು,
ಭುವನೇಶ್ವರಿ

ತಾ.ಕ.: ಕಾಸಿಂ ಹಾರ್ನ್ ಒತ್ತುತ್ತಿದ್ದಾನೆ. ಬರೆಯಬಾರದೆಂದಿದ್ದೆ, ಬರೆದುಬಿಡುತ್ತೇನೆ. ಕಂದು ಹಾಕಿದ ದಿನ ಕಬರಿಯ ಮಾಸು ಬೀಳಲಿಲ್ಲ. ಓಣಿಯೇ ಬಂದು ನಿಂತಿತ್ತು. "ಬಸವಣಪ್ಪನ ಮಗಳ ಇದ್ದಾಳ, ಮತ್ಯಾರ ಬೇಕ್ರಿ?" ಎಂದಳು ಬಾಜೂ ಮನೆಯ ಬೀಬಿಜಾನ. ನನಗೆ ಅದೆಷ್ಟು ಹಿಗ್ಗಾಯಿತೆಂದರೆ, ಚೀಲದಲ್ಲಿ ಕೈಗವಸು ಇದ್ದರೂ ತೆಗೆಯಲಿಲ್ಲ, ನಿಮ್ಮ ಹಾಗೇ ಬರಿಗೈ ಹಾಕಿ ಮಾಸು ಎಳೆದೆ. ಹತ್ತು ದಿನದಿಂದ ನನಗೂ ಸಂಜೆ ಜ್ವರ. ರಕ್ತ ಕೊಟ್ಟೆ, ಅದೇ ರೋಗ. ಅವ್ವನಿಗೆ ಹೇಳಿಲ್ಲ. ಬುಧವಾರ ದವಾಖಾನೆಗೆ ಹೋಗಬೇಕು, ಆರು ವಾರ ಗುಳಿಗೆ ಅಂತೆ. ಹೆದರಿಕೆಯಾಗಿದೆ ಅಪ್ಪಾ, ಸಂಗಡ ಬನ್ನಿ.