ವಂಶವಾಹಿಗೆ ಉಪವಾಸ ಬೇಡ

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ರಕ್ತದ ಫಲಿತಾಂಶ ಬಂದಿದೆ. ನಮ್ಮ ಪ್ರಯೋಗಾಲಯದಲ್ಲಿ ಕೊಳವೆಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೂ ನಮ್ಮ ಮನೆಯವರದನ್ನು ನಾನು ಮುಟ್ಟಲಿಲ್ಲ, ಸಹೋದ್ಯೋಗಿಯೊಬ್ಬರು ಓದಿದರು. ನಿನ್ನದು ಒಂದೇ ಒಂದು ವಂಶವಾಹಿಯ ಬದಲಾವಣೆಯಿಂದ ಬರುವ ಅಪರೂಪದ ಸಕ್ಕರೆ ಕಾಯಿಲೆ. ಆ ಬದಲಾವಣೆ ಹುಟ್ಟುವಾಗಲೇ ನಿನ್ನ ಜೊತೆಗಿತ್ತು. ನೀನು ತಿಂದದ್ದರಿಂದ ಬಂದದ್ದಲ್ಲ.

ಹದಿನೈದರಲ್ಲಿ ನಿನಗೆ ಇಂಜೆಕ್ಷನ್ ಶುರುವಾದಾಗ ಅಪ್ಪ ಆಡಿದ ಮಾತು ನಿನಗೆ ನೆನಪಿದೆ. ಇಲ್ಲದಿದ್ದರೆ ಇಷ್ಟು ವರ್ಷ ಈ ಮನೆಯ ಮೆಟ್ಟಿಲು ಹತ್ತದೆ ಇರುತ್ತಿರಲಿಲ್ಲ. "ಕದ್ದು ಮುಕ್ಕಿದ್ದಾನೆ, ಅನುಭವಿಸ್ಲಿ." ಅಂದೇ ಸಕ್ಕರೆ ಡಬ್ಬಿ ಬೀರುವಿನ ನೆತ್ತಿಗೇರಿತು. ಚಹಾ ಮಾಡಲು ಅಮ್ಮ ಸ್ಟೂಲು ಹತ್ತುವುದು ರೂಢಿಯಾಯಿತು.

ಇದು ಯಾವ ಕಡೆಯಿಂದ ಬಂದಿತೆಂದು ತಿಳಿಯಲು ಅಪ್ಪ ಅಮ್ಮ ಇಬ್ಬರ ರಕ್ತವೂ ಬೇಕಿತ್ತು. ಅಪ್ಪ ವಾರವಿಡೀ ಸಿಹಿ ಬಿಟ್ಟರು, ಬೆಳಿಗ್ಗೆ ಸಂಜೆ ನಡೆದರು, ಆ ದಿನ ಖಾಲಿ ಹೊಟ್ಟೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಬಂದು ಕುಳಿತರು. ಈ ಪರೀಕ್ಷೆಗೆ ಉಪವಾಸ ಬೇಡವೆಂದರೆ, ಇರಲಿ, ಚೆನ್ನಾಗಿಯೇ ಬರಲಿ ಎಂದರು. ರಕ್ತ ತೆಗೆಯುವವಳು ನಕ್ಕಳು. ನನಗೆ ನಗು ಬರಲಿಲ್ಲ.

ನಿನ್ನಲ್ಲಿರುವ ಬದಲಾವಣೆಯೇ ಅಪ್ಪನಲ್ಲೂ ಇದೆ. ಅವರ ಸಕ್ಕರೆ ಎಷ್ಟೋ ವರ್ಷದಿಂದ ಏರಿಯೇ ಇದ್ದಿರಬೇಕು. ನೋಡಲು ಅವರು ಯಾರಿಗೂ ಬಿಟ್ಟಿರಲಿಲ್ಲ.

ಅಮ್ಮ ತಣ್ಣಗೆ, "ಇಷ್ಟು ದಿನ ನನ್ನ ತವರಿನವರನ್ನ ಬಯ್ದಿದ್ದಾಯ್ತಲ್ಲ, ಈಗ ನಿಮ್ಮ ಕಡೆಯವರಿಗೂ ಒಂದಿಷ್ಟು ಬಯ್ಯಿರಿ" ಎಂದಳು. ಅಪ್ಪ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದಾಯಿತು. ಡಬ್ಬಿಯನ್ನು ತಾವೇ ಇಳಿಸಿ ಒಲೆಯ ಪಕ್ಕ ಇಟ್ಟರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಅವನಿಗೆ ಬರಿ. ನನ್ನಿಂದ ಬಂದಿದ್ದು ಅಂತಾನೂ ಬರಿ."

ಬರೆದಿದ್ದೇನೆ.

ಈ ಬಗೆಯ ಕಾಯಿಲೆಯಲ್ಲಿ ಅನೇಕರಿಗೆ ಮಾತ್ರೆಯೇ ಸಾಕಾಗುತ್ತದೆ. ನಿನಗೂ ಸಾಕಾದೀತೇ ಎಂಬುದನ್ನು ಇಲ್ಲಿನ ವೈದ್ಯರ ಕಣ್ಣೆದುರೇ ನೋಡಬೇಕು. ಅಲ್ಲಿಯವರೆಗೆ ಇಂಜೆಕ್ಷನ್ ಬಿಡಬೇಡ. ಅದಕ್ಕಾಗಿ ನೀನು ಬಂದು ಕೆಲವು ದಿನ ಇರಬೇಕಾಗುತ್ತದೆ. ಈ ಮನೆಯಲ್ಲೋ ಬೇರೆ ಕಡೆಯೋ, ನಿನಗೆ ಬಿಟ್ಟದ್ದು. ಡಬ್ಬಿಯಂತೂ ಕೈಗೆಟಕುವ ಹಾಗಿದೆ, ನೀನೂ ಅಪ್ಪನೂ ಮುಟ್ಟುವಂತಿಲ್ಲ ಅಷ್ಟೆ.

ಅಪ್ಪ ಇನ್ನೂ ವೈದ್ಯರ ಬಳಿ ಹೋಗಿಲ್ಲ. ಕೇಳಿದರೆ, ನೀನು ಬಂದ ದಿನ ಜೊತೆಗೇ ಹೋಗುತ್ತಾರಂತೆ.

ಸೂಜಿಯಿಲ್ಲದ ಬೆಳಗುಗಳು ನಿನಗೆ ಸಿಗಲಿ.

ನಿನ್ನ ಅಕ್ಕ