ಬಾಗಿಲಾಚೆ ಇಟ್ಟ ಪ್ಯಾಂಟಿನ ಗಂಟು

ಕೌಲ್ ಬಜಾರ್, ಬಳ್ಳಾರಿ
9 ನವೆಂಬರ್ 2025, ಭಾನುವಾರ

ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ನಾನು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಸೀಸೆಯನ್ನು ಗೂಡಿನಲ್ಲಿಟ್ಟು ಪೂಜೆ ಮಾಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಊಟ ತಪ್ಪಿಸಿಲ್ಲ, ಮಾತ್ರೆ ತಪ್ಪಿಸಿಲ್ಲ. ಫೋನಿನಲ್ಲೇ ಮಾತಾಡೋಣವೆಂದರೆ ಅಯ್ಯಣ್ಣ ಸ್ಪೀಕರ್ ಹಾಕಿ ನಿನ್ನ ಮಾತನ್ನೂ ತಾನೇ ಆಡಿಬಿಡುತ್ತಾನೆ, ಅಣ್ಣನೆಂಬ ಗತ್ತು ಬಿಡುವುದಿಲ್ಲ. ನೀನು ನಾಲ್ಕನೇ ಕ್ಲಾಸು ಓದಿದವಳು. ನಿಧಾನಕ್ಕೆ ಒಬ್ಬಳೇ ಕೂತು ಓದಿಕೋ ಎಂದು ಬರೆಯುತ್ತಿದ್ದೇನೆ.

“ಅಷ್ಟು ಮಂದಿ ಮುಂದ ಬಾಯಿ ಯಾಕ ಬಿಟ್ಟೀ? ಕೆಲಸ ಬಿಟ್ಟು ಸಿರುಗುಪ್ಪಕ್ಕ ಬಂದು ಸುಮ್ನ ಮನ್ಯಾಗ ಕುಂದ್ರು” ಎಂದು ಅಳುತ್ತಾ ಹೇಳಿದೆಯಲ್ಲ, ಅದಕ್ಕೆ ಉತ್ತರ ಇದು. ಅಣ್ಣ ಅವರಿವರ ಬಾಯಿಂದ ಕೇಳಿದ್ದನ್ನು ನಿನಗೆ ಹೇಳಿದ್ದಾನೆ. ನನ್ನ ಬಾಯಿಂದಲೂ ಕೇಳು.

ನಾವು ಹೊಲಿಯುವ ಜೀನ್ಸ್ ಪ್ಯಾಂಟಿನ ಸೊಂಟಪಟ್ಟಿ ದಪ್ಪ ಬಟ್ಟೆ. ಕಣ್ಣು ಅತ್ತಿತ್ತ ಹೋದರೆ ಮಷೀನಿನ ಸೂಜಿ ಬೆರಳಿಗೇ ಇಳಿಯುತ್ತದೆ. ಆವತ್ತು ನನಗೂ ಇಳಿಯಿತು, ಮುರಿದು ಒಳಗೇ ಉಳಿಯಿತು. ನಮ್ಮ ಯೂನಿಟ್ಟಿನಲ್ಲಿ ಇದಕ್ಕೆಲ್ಲ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಪಕ್ಕದ ಮಷೀನಿನವರೇ ಇಕ್ಕಳದಿಂದ ತುಂಡು ಕಿತ್ತು, ಬಾಯಿಟ್ಟು ರಕ್ತ ಹೀರಿ ಉಗುಳಿ, ಎರಡು ಹನಿ ಮಷೀನೆಣ್ಣೆ ಬಿಟ್ಟು ಚಿಂದಿ ಕಟ್ಟುತ್ತಾರೆ. ಮೊದಲಿನಿಂದ ಬಂದ ಪದ್ಧತಿ. ಪಕ್ಕದ ನಾಗಲಕ್ಷ್ಮಿ ಹಾಗೇ ನನ್ನ ಕೈ ಹಿಡಿದಳು, ತುಂಡು ಕಿತ್ತಳು, ಬೆರಳನ್ನು ಬಾಯಿ ಹತ್ತಿರ ತಂದಳು. ಅವಳ ಹೆಬ್ಬೆರಳಲ್ಲಿ ಕತ್ತರಿ ತಾಗಿದ ಹಸಿ ಗಾಯ ನನಗೆ ಕಂಡಿತು. ಕೈ ಕಿತ್ತುಕೊಂಡು “ಮುಟ್ಟಬ್ಯಾಡಲೇ, ನನಗ ಎಚ್‌ಐವಿ ಐತಿ” ಎಂದೆ. ಒಂದೊಂದಾಗಿ ಮಷೀನುಗಳೆಲ್ಲ ನಿಂತವು.

ದಿನಾ ಮಾತ್ರೆ ನುಂಗುವುದರಿಂದ ನನ್ನ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಹಾಗಂತ ಇನ್ನೊಬ್ಬರ ಹಸಿ ಗಾಯಕ್ಕೆ ನನ್ನ ರಕ್ತ ತಾಗಲಿ ಎಂದು ಸುಮ್ಮನಿರಲೇ? ಇರುತ್ತಿದ್ದರೆ ನಾನು ನನ್ನವ್ವ ಊರಮ್ಮನ ಮಗಳೇ ಅಲ್ಲ.

ಆಮೇಲಿನದನ್ನು ನೆನೆದರೆ ನಗು ಬರುತ್ತದೆ, ಮೈ ಉರಿಯುತ್ತದೆ. ರಕ್ತ ಬಿದ್ದದ್ದು ಒಂದು ಪ್ಯಾಂಟಿನ ಮೇಲೆ. ಮಾಲೀಕ ಪ್ರಭುಲಿಂಗಪ್ಪ ಆ ಪ್ಯಾಂಟಿದ್ದ ಇಡೀ ಗಂಟನ್ನೇ ಕೋಲಿನಿಂದ ತಳ್ಳಿಸಿ ಬಾಗಿಲಾಚೆ ಇಡಿಸಿದ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಉಚ್ಚೆಂಗೆಮ್ಮ, “ಹಾಕ್ಕೊಂಡವರ ತೊಡಿಗೆ ಅಂಟಿದ್ರ ಏನ್ ಗತಿ?” ಎಂದು ಗೋಳಾಡಿದಳು. ಹೊಲಿದ ಪ್ಯಾಂಟೆಲ್ಲ ವಾಷಿಂಗಿಗೆ ಹೋಗಿ ಬಿಸಿನೀರು, ಕಲ್ಲು, ಕೆಮಿಕಲ್ಲಿನಲ್ಲಿ ಉರುಳಿ ಬರುವುದನ್ನು ಜೀವನವಿಡೀ ನೋಡಿದವಳು! ಬಟ್ಟೆಯ ಬಣ್ಣವೇ ಉಳಿಯದ ಕಡೆ ವೈರಾಣು ಉಳಿಯುತ್ತದಂತೆ. ಇವರಿಗೆ ರಕ್ತದಿಂದ ಬರುತ್ತದೆ ಎಂಬ ಅರ್ಧ ಮಾತು ಗೊತ್ತು. ಬಟ್ಟೆಯಿಂದ, ಒಂದೇ ತಟ್ಟೆಯಿಂದ, ಒಂದೇ ಕೊಡದ ನೀರಿನಿಂದ ಬರುವುದಿಲ್ಲ ಎಂಬ ಉಳಿದರ್ಧವನ್ನು ಯಾರೂ ಹೇಳಿಲ್ಲ.

“ಮನ್ಯಾಗ ಕುಂತು ದಾರ ಕತ್ತರಿಸು ಸುಧಾ, ಮಾಲು ಮನಿಗೇ ಕಳಸ್ತೀನಿ” ಎಂದ ಪ್ರಭುಲಿಂಗಪ್ಪ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುದಿನ ಹೋದಾಗ ಗಂಟು ಇನ್ನೂ ಬಾಗಿಲಲ್ಲೇ ಇತ್ತು, ಮೇಲೊಂದು ನಾಯಿ ಮಲಗಿತ್ತು. ನಾಯಿಗೆ ಇಲ್ಲದ ಭಯ ಇವರಿಗೆ. ಅದನ್ನು ಎಬ್ಬಿಸಿ, ಗಂಟು ಹೊತ್ತು ಒಳಗೆ ತಂದು ನನ್ನ ಮಷೀನಿಗೆ ಕೂತೆ. “ಎಚ್‌ಐವಿ ಐತಿ ಅಂತ ಕೆಲಸದಿಂದ ತೆಗಿಯಂಗಿಲ್ಲ ಸಾವ್ಕಾರ್ರಿ, ಕಾನೂನು ಐತಿ” ಎಂದೆ. ಅಳುತ್ತೇನೆಂದು ಕಾದಿದ್ದ, ಪಾಪ. ನಾನೇ ಆಸ್ಪತ್ರೆಗೆ ಹೋಗಿ ಆಪ್ತಸಮಾಲೋಚಕಿಯನ್ನು ಕರೆದುಕೊಂಡು ಬಂದೆ, ಊಟದ ಹೊತ್ತಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದರು. ಕಾಂಡೋಮ್ ಎಂದಾಗ ಉಚ್ಚೆಂಗೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಕಿವಿ ಮಾತ್ರ ಮುಚ್ಚಲಿಲ್ಲ. ಇಬ್ಬರು ಬೇರೆ ಯೂನಿಟ್ಟಿಗೆ ಹೋದರು. ನಾಗಲಕ್ಷ್ಮಿ ಮಷೀನನ್ನು ದೂರ ಎಳೆದುಕೊಂಡಿದ್ದಾಳೆ, ಮಾತಿಲ್ಲ. ಬೇಜಾರಾಗಿದೆ. ಆದರೂ ನಾನು ಕೂತ ಜಾಗ ಬಿಟ್ಟಿಲ್ಲ.

ಕುರುಗೋಡಿನ ಅತ್ತೆಮನೆಯವರು ಮಾಡಿದ್ದನ್ನು ನೀನು ಮರೆತೆಯಾ? ನನ್ನ ಗಂಡ ರಾಮಾಂಜಿನಿ ತೀರಿಕೊಂಡಾಗ, ಅವನು ತಂದ ರೋಗವನ್ನು ನನ್ನ ತಲೆಗೆ ಕಟ್ಟಿ, ಬೇರೆ ತಟ್ಟೆ ಬೇರೆ ಲೋಟ ಕೊಟ್ಟು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಅಲ್ಲಿಂದ ನನ್ನನ್ನು ಜಗಳವಾಡಿ ಬಿಡಿಸಿಕೊಂಡು ಬಂದವಳೇ ನೀನು. ಈಗ ನೀನೂ ಒಂದು ಮೂಲೆ ತೋರಿಸುತ್ತೀ. ನಿನ್ನದು ಪ್ರೀತಿ ಎಂದು ಗೊತ್ತು, ಆದರೂ ನಿನ್ನ ಮೇಲೆ ಬಂದಷ್ಟು ಕೋಪ ಪ್ರಭುಲಿಂಗಪ್ಪನ ಮೇಲೂ ಬರಲಿಲ್ಲ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಅದಕ್ಕೆ ನನ್ನ ಬಾಯಿ ಮುಚ್ಚಿಸಿ ಏನು ಲಾಭ?

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಅಣ್ಣನಿಗೆ ನಮಸ್ಕಾರವೂ ಇದೆ, ಸಿಟ್ಟೂ ಇದೆ, ಎರಡನ್ನೂ ತಲುಪಿಸು. ನೀನು ಎಣ್ಣೆ ಹಚ್ಚಿಕೋ.

ನಿನ್ನ ಬಾಯಿಬಡಕಿ ಮಗಳು,
ಸುಧಾರಾಣಿ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನಮ್ಮ ಯೂನಿಟ್ಟಿನ ಒಬ್ಬಳು ಮನೆಗೆ ಬಂದಳು. ಹೆಸರು ಬರೆಯುವುದಿಲ್ಲ. ನನ್ನದನ್ನು ಹೇಳುವುದು ನನಗೆ ಬಿಟ್ಟದ್ದು, ಅವಳದ್ದು ಅವಳಿಗೆ. ಬಸುರಿ. ಗಂಡನಿಗೆ ಎಚ್‌ಐವಿ ಇದೆಯೆಂದು ತಿಳಿದಾಗಿನಿಂದ ಹೆದರಿ ಆಸ್ಪತ್ರೆ ಕಡೆ ಮುಖ ಹಾಕಿಲ್ಲ, ತಾಯಿ ಕಾರ್ಡ್ ಕೂಡ ಮಾಡಿಸಿಲ್ಲ. “ಅಕ್ಕಾ, ಇಲ್ಲಿಗೆ ಬಿಟ್ರ ಇನ್ನೆಲ್ಲಿಗೆ ಹೋಗ್ಲಿ” ಎಂದಳು. ಅವಳಿಗೂ ಇದ್ದರೆ ಈಗಲೇ ಮಾತ್ರೆ ಶುರು ಮಾಡಿ ಕೂಸಿಗೆ ದಾಟದಂತೆ ತಡೆಯಬಹುದು. ನಾಳೆ ಬೆಳಿಗ್ಗೆ ಅವಳ ಪರೀಕ್ಷೆಗೆ ಇಬ್ಬರೂ ಹೋಗುತ್ತಿದ್ದೇವೆ. ಅವಳಿಗೆ ತವರಿಲ್ಲ. ಹೆರಿಗೆಯಾದ ಮೇಲೆ ಬಾಣಂತನಕ್ಕೆ ಕೈ ಬೇಕು. ನಾನು ಅಲ್ಲಿಗೆ ಬರುವುದಿಲ್ಲ ಅವ್ವಾ, ನೀನೇ ಇಲ್ಲಿಗೆ ಬಾ.