ಹಿಡ್ಕೊಂಡ್ಯಾ?

ಗುರುವಾರ, ಹದಿನಾಲ್ಕು.

ತಮ್ಮ ಇವತ್ತೂ ಬರಲಿಲ್ಲ. ಹಾಸಿಗೆ ಹಿಡಿದಿರೋ ಅಮ್ಮನ್ನ ಮಗ್ಗುಲು ಹೊರಳಿಸೋಕೆ ಅವಳ ಕೆಳಗೆ ಹಾಸಿರೋ ದುಪ್ಪಟಿಯ ಎರಡೂ ಕಡೆ ಒಬ್ಬೊಬ್ಬರು ಬೇಕು. ಫೋನ್ ಮಾಡಿದ್ರೆ ಅವನ ಹೆಂಡತಿ, "ಅವರಿಗೆ ಸೊಂಟನೋವು ಅತ್ತಿಗೆ" ಅಂದಳು. ಹಿಂದೆ ಅವನು ನಗೋದು ಕೇಳಿಸ್ತು.

ಬೆನ್ನಿನ ಹುಣ್ಣು ಒಡೆದ್ರೆ? ಕೈ ಜಾರಿದ್ರೆ? ಒಬ್ಬಳೇ ದುಪ್ಪಟಿ ಹಿಡಿದೆ. ರೂಢಿಬಲದಿಂದ ತಮ್ಮ ನಿಲ್ಲೋ ಕಡೆಗೆ "ಹಿಡ್ಕೊಂಡ್ಯಾ?" ಅಂದುಬಿಟ್ಟೆ. ಅವನು ಬರದಾದ ಮೇಲೆ ಅಮ್ಮ ಬೀಳಬಾರದು ಅಂತ ಮಂಚ ಗೋಡೆಗೆ ಒತ್ತಿಟ್ಟಿದ್ದೆ, ಅಲ್ಲಿ ಬರೀ ಗೋಡೆ.

"ಹಿಡ್ಕೊಂಡಿದಾನೆ, ನೀನು ಎಳಿಯೇ" ಅಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

"ಯಾರಮ್ಮ?"

"ದೇವರು. ಅವನಿಗೇನು ಸೊಂಟನೋವಿಲ್ಲ."

ಎಳೆದೆ. ಹೊರಳಿದಳು. ಹೇಗೋ ಗೊತ್ತಿಲ್ಲ.

ಬೆಳಗಿನ ಜಾವ ಮತ್ತೆ ಹೊರಳಿಸಬೇಕು. ತಮ್ಮ ಬರಲ್ಲ. ಮಂಚವನ್ನ ಗೋಡೆಯಿಂದ ಸ್ವಲ್ಪ ಈಚೆ ಎಳೆದಿಟ್ಟಿದ್ದೀನಿ. ದೇವರೇ, ನಿನಗೆ ನಿಲ್ಲೋಕೆ ಅಷ್ಟು ಜಾಗ ಸಾಕಲ್ವಾ?